ಆಕ್ಸಿಡೆಂಟ್ ಆದ ಮೇಲೆ ಚೇತರಿಸಿಕೊಳ್ಳುವುದು ಹೇಗೆ, ಎಮರ್ಜೆನ್ಸಿ ನರ್ಸ್ ಆಗಬೇಕು ಅನ್ನಿಸಿದರೆ ಏನು ಮಾಡಬೇಕು

ರಸ್ತೆ ಅಪಘಾತದಲ್ಲಿ ಪೆಟ್ಟು ತಿಂದು, ವಾರಗಟ್ಟಲೆ ಆಸ್ಪತ್ರೆ ಮಂಚದ ಮೇಲೆ ಮಲಗಿ, "ನಾನೂ ಇವರ ಹಾಗೆ ನರ್ಸ್ ಆಗಬೇಕು" ಅಂದುಕೊಂಡವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅಂಥವರು ಬಹಳ ಜನ ಇದ್ದಾರೆ. ನಮ್ಮ ಕ್ಯಾಷುವಾಲ್ಟಿಗೆ, ಅಂದರೆ ತುರ್ತು ಚಿಕಿತ್ಸೆಯ ವಿಭಾಗಕ್ಕೆ, ಬಂದು ಹೋದವರೇ ಕೆಲವರು ಆಮೇಲೆ ಫೋನ್ ಮಾಡಿ ಕೇಳುತ್ತಾರೆ: ಸಿಸ್ಟರ್, ಯಾವ ಕೋರ್ಸ್, ಎಷ್ಟು ವರ್ಷ, ನನ್ನ ಕಾಲಿನಲ್ಲಿ ರಾಡ್ ಇದೆ, ಆಗುತ್ತಾ? ನಾನೂ ಅದೇ ದಾರಿಯಲ್ಲಿ ಬಂದವಳು. ಪಿಯುಸಿ ಓದುವಾಗ ಬೇಲೂರು ರಸ್ತೆಯಲ್ಲಿ ಸ್ಕೂಟರ್ ಹಿಂದೆ ಕೂತಿದ್ದಾಗ ಕಾಲು ಮುರಿಯಿತು. ಈಗ ಹಾಸನದಲ್ಲಿ ಎಮರ್ಜೆನ್ಸಿ ವಿಭಾಗದಲ್ಲಿ ಕೆಲಸ ಮಾಡುತ್ತೇನೆ.

ನಾನು ಎಲ್ಲರಿಗೂ ಮೊದಲು ಹೇಳುವುದು ಒಂದೇ. ಗುಣವಾಗುವುದು ಒಂದು ಕೆಲಸ, ವೃತ್ತಿ ಆರಿಸುವುದು ಇನ್ನೊಂದು ಕೆಲಸ. ಎರಡನ್ನೂ ಒಂದೇ ಸಲ ಮಾಡಲು ಹೋಗಬೇಡಿ. ಗಾಯ ಹಸಿ ಇರುವಾಗ ಮನಸ್ಸಿನಲ್ಲಿ ಕೃತಜ್ಞತೆ ತುಂಬಿರುತ್ತದೆ, ಭಯ ತುಂಬಿರುತ್ತದೆ, ಆದರೆ ಆ ಕೆಲಸ ದಿನವೂ ಹೇಗಿರುತ್ತದೆ ಅನ್ನುವ ಅಂದಾಜು ಇರುವುದಿಲ್ಲ. ಮೊದಲು ಮೈ, ಆಮೇಲೆ ಮನಸ್ಸು, ಆಮೇಲೆ ಕಾಲೇಜು.

ಮನೆಗೆ ಬಂದ ಮೇಲಿನ ಮೊದಲ ವಾರಗಳು

ಡಿಸ್ಚಾರ್ಜ್ ಅಂದರೆ ಗುಣ ಆಯಿತು ಅಂತ ಅರ್ಥ ಅಲ್ಲ. ಮಣಿಕಟ್ಟಿನ ಮೂಳೆ ಆರು ವಾರದ ಆಸುಪಾಸಿನಲ್ಲಿ ಕೂಡಬಹುದು. ಮೊಣಕಾಲಿನ ಕೆಳಗಿನ ದೊಡ್ಡ ಮೂಳೆಗೆ ನಾಲ್ಕರಿಂದ ಆರು ತಿಂಗಳು ಬೇಕಾಗುವುದು ಸಾಮಾನ್ಯ, ತೊಡೆ ಮೂಳೆಗೂ ಅಷ್ಟೇ. ಪಕ್ಕದ ಮನೆಯವರ ಮಗ ಎರಡು ತಿಂಗಳಿಗೆ ಎದ್ದು ಓಡಾಡಿದ ಅಂತ ಯಾರಾದರೂ ಹೇಳಿದರೆ ಕೇಳಿಸಿಕೊಂಡು ಸುಮ್ಮನಿರಿ. ಅವರವರ ಮೂಳೆ, ಅವರವರ ಪೆಟ್ಟು.

ಕೆಲವು ಲಕ್ಷಣ ಕಂಡರೆ ಮಾತ್ರ ಬೆಳಿಗ್ಗೆ ತನಕ ಕಾಯಬಾರದು. ತಲೆಗೆ ಪೆಟ್ಟಾಗಿದ್ದು, ತಲೆನೋವು ಜಾಸ್ತಿ ಆಗುತ್ತಾ ಹೋದರೆ, ಮತ್ತೆ ಮತ್ತೆ ವಾಂತಿಯಾದರೆ, ಮಾತು ತೊದಲಿದರೆ, ಎಬ್ಬಿಸಿದರೂ ಏಳದಷ್ಟು ಮಂಪರು ಬಂದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಪ್ಲಾಸ್ಟರ್ ಹಾಕಿದ ಕಡೆ ನೋವು ವಿಪರೀತ ಆಗಿ, ಬೆರಳು ಜೋಮು ಹಿಡಿದು, ತಣ್ಣಗಾಗಿ, ಬಣ್ಣ ಬದಲಾದರೆ ಒಳಗೆ ಒತ್ತಡ ಹೆಚ್ಚಿ ರಕ್ತ ಓಡುತ್ತಿಲ್ಲ ಅಂತ ಅರ್ಥ. ಅಲ್ಲಿ ಗಂಟೆಗಳ ಲೆಕ್ಕ ಮುಖ್ಯವಾಗುತ್ತದೆ. ಮೀನಖಂಡ ಊದಿಕೊಂಡು ನೋವು ಬಂದರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿರಬಹುದು. 108ಕ್ಕೆ ಫೋನ್ ಮಾಡಿ. ಹೊಲಿಗೆ ಹಾಕಿದ ಕಡೆ ಕೀವು, ಜೊತೆಗೆ ಜ್ವರ ಬಂದರೂ ತೋರಿಸಿ.

ನಾಟಿ ಕಟ್ಟಿನ ವಿಷಯ ಹೇಳಲೇಬೇಕು. ಯಾಕೆಂದರೆ ನಮ್ಮ ಕಡೆ ಆಸ್ಪತ್ರೆಯಿಂದ ಬಂದ ಮರುದಿನವೇ ಯಾರಾದರೊಬ್ಬರು ಬಂದು "ಅಲ್ಲೊಬ್ಬರು ಎಲೆ ಹಾಕಿ ಕಟ್ಟುತ್ತಾರೆ, ಮೂರು ಕಟ್ಟಿಗೆ ಸರಿಹೋಗುತ್ತದೆ" ಅಂತ ಹೇಳೇ ಹೇಳುತ್ತಾರೆ. ಚರ್ಮ ಹರಿದು ಮೂಳೆ ಹೊರಗೆ ಬಂದಿದ್ದರೆ, ಕೀಲಿನ ಹತ್ತಿರ ಮುರಿದಿದ್ದರೆ, ರಾಡ್ ಅಥವಾ ಪ್ಲೇಟ್ ಹಾಕಿದ್ದರೆ ಅದರ ಮೇಲೆ ಬಿಗಿ ಕಟ್ಟು ಕಟ್ಟಿಸಬೇಡಿ. ಬಿಗಿ ಕಟ್ಟಿನಿಂದ ಬೆರಳು ಕಪ್ಪಾಗಿ ಬಂದವರನ್ನು ನಾನು ನೋಡಿದ್ದೇನೆ. ದೃಷ್ಟಿ ತೆಗೆಯಲಿ, ಯಂತ್ರ ಕಟ್ಟಲಿ, ಪುರದಮ್ಮನಿಗೆ ಹರಕೆ ಹೊರಲಿ, ಅದರಿಂದ ಮನೆಯವರಿಗೆ ಸಮಾಧಾನ ಆಗುತ್ತದೆ ಅಂದರೆ ಆಗಲಿ. ಮಾತ್ರೆ ಮತ್ತು ವ್ಯಾಯಾಮ ನಿಲ್ಲಬಾರದು, ಅಷ್ಟೇ.

ಊಟದಲ್ಲಿ ಬೇಳೆ, ಹುರುಳಿ, ಮೊಟ್ಟೆ, ಹಾಲು, ರಾಗಿ ಇರಲಿ. ಕಾಲು ಸೂಪು ಕುಡಿಯುವವರು ಕುಡಿಯಿರಿ, ಅದೊಂದರಿಂದಲೇ ಮೂಳೆ ಕೂಡುವುದಿಲ್ಲ. ಬೀಡಿ ಸಿಗರೇಟು ಪೂರ್ತಿ ಬಿಡಬೇಕು, ಮೂಳೆ ಕೂಡುವುದನ್ನು ಅದು ನಿಜವಾಗಿಯೂ ತಡ ಮಾಡುತ್ತದೆ. ಮೆಡಿಕಲ್ ಸ್ಟೋರ್‌ನಿಂದ ನೋವಿನ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗುವುದು ಬೇಡ, ಹೊಟ್ಟೆಗೂ ಕಿಡ್ನಿಗೂ ಪೆಟ್ಟು.

ಮನೆಯಲ್ಲಿ ಎಲ್ಲಕ್ಕಿಂತ ದೊಡ್ಡ ಕಷ್ಟ ಬಚ್ಚಲುಮನೆ. ಕೂತು ಎದ್ದು ಮಾಡುವ ಟಾಯ್ಲೆಟ್ಟೇ ಹೆಚ್ಚು ಮನೆಗಳಲ್ಲಿ ಇರುವುದು, ಹಳ್ಳಿಯಲ್ಲಿ ಅದು ಅಂಗಳ ದಾಟಿ ಹಿತ್ತಲಲ್ಲಿ ಇರುತ್ತದೆ. ಮಳೆಗಾಲದಲ್ಲಿ ಅಲ್ಲಿ ಪಾಚಿ ಕಟ್ಟಿರುತ್ತದೆ. ಆಸ್ಪತ್ರೆಯಿಂದ ಬರುವ ಮುಂಚೆಯೇ ಒಂದು ಕಮೋಡ್ ಕುರ್ಚಿ ತಂದಿಡಿ, ಬಾಡಿಗೆಗೂ ಸಿಗುತ್ತದೆ. ಗೋಡೆಗೆ ಹಿಡಿದುಕೊಳ್ಳಲು ಒಂದು ಕಂಬಿ ಹಾಕಿಸಿ. ಬಚ್ಚಲಲ್ಲಿ ಜಾರಿ ಎರಡನೇ ಸಲ ಮುರಿದುಕೊಂಡು ಬರುವವರು ಕಡಿಮೆಯೇನಿಲ್ಲ. ಕಾಲಿನ ಮೇಲೆ ಎಷ್ಟು ಭಾರ ಹಾಕಬಹುದು ಅಂತ ಮೂಳೆ ಡಾಕ್ಟರನ್ನು ಸ್ಪಷ್ಟವಾಗಿ ಕೇಳಿ. ಸ್ವಲ್ಪವೂ ಬೇಡವಾ, ಅರ್ಧವಾ, ಪೂರ್ತಿಯಾ? ಊರುಗೋಲು ಹಿಡಿದು ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಊರುಗೋಲಿನ ಜೊತೆ ಪೆಟ್ಟಾದ ಕಾಲು ಮೊದಲು.

ಫಿಸಿಯೋಥೆರಪಿ ತಪ್ಪಿಸಬೇಡಿ. ಆಪರೇಷನ್‌ಗೆ ಸಾಲ ಮಾಡಿ ದುಡ್ಡು ಹೊಂದಿಸುತ್ತಾರೆ, ಆಮೇಲೆ ಫಿಸಿಯೋಗೆ ಬಸ್ ಚಾರ್ಜ್ ಜಾಸ್ತಿ ಅಂತ ಬಿಡುತ್ತಾರೆ. ಮೂಳೆ ಕೂಡಿರುತ್ತದೆ, ಮಂಡಿ ಮಡಚಲು ಬರುವುದಿಲ್ಲ. ದಿನವೂ ಬರಲು ಆಗದಿದ್ದರೆ ವಾರಕ್ಕೊಮ್ಮೆ ಹೋಗಿ ವ್ಯಾಯಾಮ ಕಲಿತುಕೊಂಡು ಬನ್ನಿ, ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡು ಮನೆಯಲ್ಲಿ ಮಾಡಿ. ಮುಂದೆ ನರ್ಸ್ ಆಗಬೇಕು ಅನ್ನುವವರಿಗೆ ಇದು ಇನ್ನೂ ಮುಖ್ಯ. ಆ ಕೆಲಸದಲ್ಲಿ ಮೈ ಎಷ್ಟು ದುಡಿಯಬೇಕು ಅಂತ ಮುಂದೆ ಹೇಳುತ್ತೇನೆ.

ಕಾಗದ ಪತ್ರ

ಇದನ್ನು ಮನೆಯವರಲ್ಲಿ ಒಬ್ಬರಿಗೆ ಒಪ್ಪಿಸಿ. ಎಫ್‌ಐಆರ್ ಪ್ರತಿ, ಗಾಯದ ಪ್ರಮಾಣಪತ್ರ, ಡಿಸ್ಚಾರ್ಜ್ ಸಮ್ಮರಿ, ಒರಿಜಿನಲ್ ಬಿಲ್ಲು, ಎಕ್ಸ್‌ರೇ, ಎದುರಿನ ಗಾಡಿಯ ಆರ್‌ಸಿ, ಇನ್ಶೂರೆನ್ಸ್ ವಿವರ ಎಲ್ಲ ಒಂದೇ ಫೈಲಿನಲ್ಲಿ ಇರಲಿ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಅರ್ಜಿ ಹಾಕುವುದಿದ್ದರೆ ಅಪಘಾತ ಆದ ಆರು ತಿಂಗಳೊಳಗೆ ಹಾಕಿ. ಈ ಗಡುವು 2022ರ ಏಪ್ರಿಲ್‌ನಿಂದ ಕಾನೂನಿನಲ್ಲಿದೆ. ಅಪಘಾತ ಆದ ಜಾಗದ್ದೇ ಕೋರ್ಟ್ ಆಗಬೇಕು ಅಂತಿಲ್ಲ, ನೀವು ವಾಸ ಇರುವ ಊರಿನ ವ್ಯಾಪ್ತಿಯಲ್ಲೂ ಹಾಕಬಹುದು. ಡಿಕ್ಕಿ ಹೊಡೆದ ಗಾಡಿ ನಿಲ್ಲಿಸದೆ ಹೋಗಿ, ಯಾವುದು ಅಂತ ಗೊತ್ತೇ ಆಗದಿದ್ದರೂ ಕೇಂದ್ರದ ಯೋಜನೆಯಲ್ಲಿ ತೀವ್ರ ಗಾಯಕ್ಕೆ 50,000 ರೂಪಾಯಿ, ಸಾವಿಗೆ 2 ಲಕ್ಷ ಪರಿಹಾರ ಇದೆ. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಹೆಣ್ಣುಮಕ್ಕಳಿಗಂತೂ ಆದಾಯ ನೋಡದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಆಸ್ಪತ್ರೆಯ ಬಾಗಿಲಲ್ಲೇ "ರಾಜಿ ಮಾಡಿಕೊಳ್ಳೋಣ, ಇಲ್ಲೊಂದು ಸೈನ್ ಹಾಕಿ" ಅಂತ ಬರುವವರಿಗೆ ಸೈನ್ ಹಾಕಬೇಡಿ.

ಇನ್ನೊಂದು ವಿಷಯ ಊರಿನವರಿಗೆಲ್ಲ ಹೇಳಿ. 2025ರ ಮೇ ತಿಂಗಳಿನಿಂದ ಕೇಂದ್ರದ ನಗದುರಹಿತ ಚಿಕಿತ್ಸೆ ಯೋಜನೆ ಜಾರಿಯಲ್ಲಿದೆ. ರಸ್ತೆ ಅಪಘಾತದ ಗಾಯಾಳುವಿಗೆ ಗುರುತಿಸಿದ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ ಏಳು ದಿನದವರೆಗೆ 1.5 ಲಕ್ಷ ರೂಪಾಯಿ ತನಕ ಚಿಕಿತ್ಸೆ ಸಿಗುತ್ತದೆ. ಗಾಯಾಳುವನ್ನು ಕರೆತಂದವರನ್ನು ಆಸ್ಪತ್ರೆಯಾಗಲಿ ಪೊಲೀಸರಾಗಲಿ ಹಿಡಿದಿಟ್ಟುಕೊಳ್ಳುವ ಹಾಗಿಲ್ಲ. ಇದಕ್ಕೆ ಕರ್ನಾಟಕದಲ್ಲಿ 2016ರದ್ದೇ ಪ್ರತ್ಯೇಕ ಕಾನೂನಿದೆ. ನಿಮ್ಮನ್ನು ಆಟೋದಲ್ಲೋ ಪಿಕಪ್‌ನಲ್ಲೋ ಹಾಕಿಕೊಂಡು ಬಂದವರು ಯಾರು ಅಂತ ಪತ್ತೆ ಮಾಡಿ, ಓಡಾಡುವಂತಾದ ಮೇಲೆ ಹೋಗಿ ಮಾತಾಡಿಸಿ. ಅವರಿಗೂ ಆ ರಾತ್ರಿ ನಿದ್ದೆ ಬಂದಿರುವುದಿಲ್ಲ.

ಕಣ್ಣಿಗೆ ಕಾಣದ ಪೆಟ್ಟು

ಹೊಲಿಗೆ ಬಿಚ್ಚಿದ ಮೇಲೆ ಮನೆಯವರೆಲ್ಲ ಅವರವರ ಕೆಲಸಕ್ಕೆ ಹೋಗುತ್ತಾರೆ. ಆಗ ಶುರುವಾಗುತ್ತದೆ ನೋಡಿ. ಲಾರಿ ಹಾರನ್ ಕೇಳಿದರೆ ಎದೆ ಧಸಕ್ ಅನ್ನುತ್ತದೆ. ಕಣ್ಣು ಮುಚ್ಚಿದರೆ ಅದೇ ಹೆಡ್‌ಲೈಟು. ಮಗನೋ ತಮ್ಮನೋ ಬೈಕ್ ತೆಗೆದುಕೊಂಡು ಹೊರಟರೆ ಬರುವವರೆಗೂ ಜೀವ ಕೈಯಲ್ಲಿ. ಆ ರಸ್ತೆಯ ತಿರುವು ಬರುತ್ತದೆ ಅಂತ ಎರಡು ಕಿಲೋಮೀಟರ್ ಸುತ್ತು ಹಾಕಿ ಹೋಗುವುದು. ಸಣ್ಣ ಮಾತಿಗೂ ರೇಗುವುದು. ಏನೂ ಅನ್ನಿಸದೇ ಇರುವುದು, ಅದೂ ಒಂದು ಲಕ್ಷಣವೇ.

ಮೊದಲ ಕೆಲವು ವಾರ ಇದೆಲ್ಲ ಬರುವುದು ಸಹಜ. ಮಿದುಳು ಇನ್ನೂ ಅಪಾಯ ಮುಗಿದಿಲ್ಲ ಅಂತ ಕಾವಲು ಕಾಯುತ್ತಿರುತ್ತದೆ. ಹೆಚ್ಚಿನವರಲ್ಲಿ ಇದು ನಿಧಾನವಾಗಿ ಇಳಿಯುತ್ತದೆ. ಒಂದು ತಿಂಗಳು ದಾಟಿದ ಮೇಲೂ ಹಾಗೇ ಇದ್ದರೆ, ನಿದ್ದೆ, ಓದು, ಕೆಲಸ ಕೆಟ್ಟಿದ್ದರೆ ಅದು ಪಿಟಿಎಸ್‌ಡಿ, ಅಂದರೆ ಆಘಾತದ ನಂತರ ಉಳಿಯುವ ಮಾನಸಿಕ ತೊಂದರೆ, ಇರಬಹುದು, ಅದಕ್ಕೆ ಚಿಕಿತ್ಸೆ ಇದೆ. ಮನೋವೈದ್ಯರ ಹತ್ತಿರ ಹೋದರೆ ಹುಚ್ಚು ಅಂತಾರೆ ಅನ್ನುವ ಭಯ ನಮ್ಮ ಕಡೆ ಇನ್ನೂ ಇದೆ. ಕಾಲು ಮುರಿದಾಗ ಮೂಳೆ ಡಾಕ್ಟರ ಹತ್ತಿರ ಹೋದಿರಿ ಅಲ್ವಾ? ಇದೂ ಅದೇ ಅಪಘಾತದ ಗಾಯ. ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು ಹಿಮ್ಸ್‌ನಲ್ಲಿ ಮನೋವೈದ್ಯ ವಿಭಾಗ ಇದೆ. ಬಸ್ ಹತ್ತಲೂ ಆಗದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮನಸ್ ಸಂಖ್ಯೆ 14416ಕ್ಕೆ ಕರೆ ಮಾಡಿ. ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಬದುಕೇ ಬೇಡ ಅನ್ನಿಸುವ ಯೋಚನೆ ಬಂದರೆ ತಿಂಗಳು ಕಾಯುವ ಮಾತೇ ಇಲ್ಲ, ಆ ಕ್ಷಣವೇ ಮಾಡಿ, ಮನೆಯಲ್ಲಿ ಒಬ್ಬರಿಗೆ ಹೇಳಿ.

ನೀವೇ ಮಾಡಬಹುದಾದದ್ದೂ ಇದೆ. ನೋಡಲು ಬಂದವರಿಗೆಲ್ಲ "ಹೇಗಾಯಿತು, ಯಾರ ತಪ್ಪು" ಅಂತ ಮೊದಲಿಂದ ಕಥೆ ಹೇಳುವುದನ್ನು ನಿಲ್ಲಿಸಿ. ಒಂದು ಸಂಜೆ ಐದು ಜನಕ್ಕೆ ಹೇಳಿದರೆ ಐದು ಸಲ ಆ ರಸ್ತೆಗೆ ಹೋಗಿ ಬಂದ ಹಾಗೆ. "ಈಗ ಪರವಾಗಿಲ್ಲ ಅತ್ತೆ, ಅದರ ಮಾತು ಬೇಡ" ಅಂತ ಹೇಳಲು ಅಮ್ಮನನ್ನೋ ಅಣ್ಣನನ್ನೋ ಬಾಗಿಲಲ್ಲಿ ಕೂರಿಸಿ. ನಿಮಗೆ ಹೇಳಬೇಕು ಅನ್ನಿಸಿದಾಗ, ನಂಬಿಕೆ ಇರುವ ಒಬ್ಬರ ಹತ್ತಿರ, ಬೇಕಾದಷ್ಟು ಹೇಳಿ. ಅಪಘಾತದ ಸಿಸಿಟಿವಿ ವಿಡಿಯೋ ಯಾರಾದರೂ ಕಳಿಸಿದರೆ ಕೇಸಿಗೆ ಬೇಕಾಗಬಹುದು ಅಂತ ಫೈಲು ನೋಡಿಕೊಳ್ಳುವವರಿಗೆ ಕಳಿಸಿ, ನೀವು ನೋಡುತ್ತಾ ಕೂರಬೇಡಿ. ನಿದ್ದೆ ಬರಲಿ ಅಂತ ಕುಡಿಯುವುದು ಶುರು ಮಾಡಬೇಡಿ.

ರಸ್ತೆಯ ಭಯವನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು. ಮೊದಲು ಮನೆ ಮುಂದೆ ನಿಲ್ಲಿಸಿದ ಗಾಡಿಯಲ್ಲಿ ಸುಮ್ನೆ ಕೂತು ಬನ್ನಿ. ಮುಂದೆ ಒಂದು ದಿನ ಜಗಲಿಯ ಬದಲು ರಸ್ತೆ ಬದಿಯ ಅಂಗಡಿ ಮುಂದೆ ಕೂತು ಕಾಫಿ ಕುಡಿಯಿರಿ. ಆಮೇಲೆ ಬಸ್ಸಿನಲ್ಲಿ, ಜನ ಕಡಿಮೆ ಇರುವ ಹೊತ್ತಿನಲ್ಲಿ, ಎರಡು ಸ್ಟಾಪ್. ಆಮೇಲೆ ನಿಧಾನ ಓಡಿಸುವವರ ಹಿಂದೆ ಬೈಕಿನಲ್ಲಿ, ಹೆಲ್ಮೆಟ್ ಹಾಕಿಕೊಂಡು, ಹಗಲಲ್ಲಿ. ಆ ತಿರುವಿನ ಹತ್ತಿರ ಹೋಗುವುದು ಎಲ್ಲಕ್ಕಿಂತ ಕೊನೆಗೆ, ಜೊತೆಗೆ ಒಬ್ಬರನ್ನು ಕರೆದುಕೊಂಡು. ಒಂದೊಂದು ಮೆಟ್ಟಿಲಲ್ಲಿ ಎದೆಬಡಿತ ಇಳಿಯುವವರೆಗೂ ನಿಲ್ಲಿ, ಭಯ ಜೋರಾಗಿರುವಾಗಲೇ ಓಡಿಬಂದರೆ ಮುಂದಿನ ಸಲ ಇನ್ನೂ ಕಷ್ಟ. ಶಿರಾಡಿ ಘಾಟಿ, ಚಾರ್ಮಾಡಿ ಘಾಟಿಯಲ್ಲಿ ಪೆಟ್ಟಾದವರಿಗೆ ಮಳೆ ಮತ್ತು ಮಂಜು ಕಂಡರೇ ಮೈ ನಡುಗುತ್ತದೆ. ಅಂಥವರು ಘಾಟಿಯ ಪ್ರಯಾಣವನ್ನು ಮಳೆಗಾಲ ಮುಗಿದ ಮೇಲಕ್ಕೆ ಇಟ್ಟುಕೊಂಡರೆ ಹೇಡಿತನ ಅಲ್ಲ.

ಅದೇ ಅಪಘಾತದಲ್ಲಿ ಜೊತೆಗಿದ್ದವರು ಹೋಗಿಬಿಟ್ಟಿದ್ದರೆ ಕಷ್ಟ ಬೇರೆಯದೇ. ನಾನು ಯಾಕೆ ಉಳಿದೆ, ಆವತ್ತು ನಾನೇ ಕರೆದಿದ್ದು, ಸೀಟು ಬದಲಾಯಿಸಿಕೊಂಡಿದ್ದೆವು, ಹೀಗೆ ಲೆಕ್ಕ ಹಾಕುತ್ತಾ ಮನಸ್ಸು ಸುತ್ತುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ನಮ್ಮ ಮೊಸಳೆಹೊಸಹಳ್ಳಿಯಲ್ಲಿ ಗಣಪತಿ ಮೆರವಣಿಗೆಗೆ ಲಾರಿ ನುಗ್ಗಿತು. ಓದುವ ಹುಡುಗರು ಹೋದರು. ಅವರ ಪಕ್ಕದಲ್ಲೇ ಇದ್ದು ಉಳಿದ ಹುಡುಗರೂ ಇದ್ದಾರೆ. ಅಂಥವರಿಗೆ "ದೇವರು ನಿನ್ನನ್ನು ಏನೋ ಕೆಲಸಕ್ಕೇ ಉಳಿಸಿದ್ದಾನೆ" ಅಂತ ಹೇಳಬೇಡಿ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ, ಆದರೆ ಕೇಳುವವರ ಹೆಗಲ ಮೇಲೆ ಅದು ಸಾಲ ಆಗಿ ಕೂರುತ್ತದೆ. ಆ ಸಾಲ ತೀರಿಸಲು ನರ್ಸಿಂಗ್‌ಗೆ ಬರಬೇಡಿ. ಎಷ್ಟು ಜನರನ್ನು ಉಳಿಸಿದರೂ ಅದು ತೀರುವುದಿಲ್ಲ, ನೀವು ಸುಸ್ತಾಗಿ ಹೋಗುತ್ತೀರಿ. ಅದನ್ನು ಕೌನ್ಸೆಲರ್ ಹತ್ತಿರ ಕೂತು ಇಳಿಸಿಕೊಂಡು ಆಮೇಲೆ ಬನ್ನಿ.

ಈಗ ನರ್ಸ್ ಆಗುವ ಮಾತು

ನನ್ನ ಪ್ರಕಾರ ಅಪಘಾತ ಆಗಿ ಆರು ತಿಂಗಳಾದರೂ ಕಳೆಯದೆ ನಿರ್ಧಾರ ಮಾಡಬಾರದು. ಆಗಲೂ ಆಸೆ ಹಾಗೇ ಇದ್ದರೆ ಆ ಆಸೆಯನ್ನು ಪರೀಕ್ಷೆ ಮಾಡಿ ನೋಡಿ.

ಮೊದಲನೆಯದು, ಆಸ್ಪತ್ರೆಯ ವಾಸನೆ. ಫಾಲೋಅಪ್‌ಗೆ ಹೋದಾಗ ಡೆಟಾಲ್, ಸ್ಪಿರಿಟ್, ರಕ್ತದ ವಾಸನೆ, ಸ್ಟ್ರೆಚರ್ ಚಕ್ರದ ಸದ್ದು ನಿಮಗೆ ಏನು ಮಾಡುತ್ತದೆ ಗಮನಿಸಿ. ಸ್ವಲ್ಪ ಕಸಿವಿಸಿಯಾಗಿ ಹೋದರೆ ಚಿಂತೆ ಇಲ್ಲ. ಬೆವರಿ, ಉಸಿರು ಕಟ್ಟಿ, ಹೊರಗೆ ಓಡಬೇಕು ಅನ್ನಿಸಿದರೆ ಚಿಕಿತ್ಸೆ ಇನ್ನೂ ಬೇಕು ಅಂತ ಅರ್ಥ. ನರ್ಸಿಂಗ್ ಆಗದು ಅಂತಲ್ಲ, ಈ ವರ್ಷ ಬೇಡ ಅಂತ.

ಎರಡನೆಯದು, ಪ್ರಥಮ ಚಿಕಿತ್ಸೆ ಕಲಿಯಿರಿ. ರೆಡ್ ಕ್ರಾಸ್, ಸೇಂಟ್ ಜಾನ್ ಆಂಬ್ಯುಲೆನ್ಸ್ ಇಂಥ ತರಬೇತಿ ಕೊಡುತ್ತವೆ. ಬೊಂಬೆಯ ಎದೆ ಒತ್ತಿ ಸಿಪಿಆರ್ (ಹೃದಯ ನಿಂತವರಿಗೆ ಎದೆ ಒತ್ತಿ ರಕ್ತ ಓಡಿಸುವುದು) ಮಾಡುವಾಗ ನಿಮಿಷಕ್ಕೆ 100ರಿಂದ 120 ಸಲ, ಐದು ಸೆಂಟಿಮೀಟರ್ ಆಳ ಒತ್ತಬೇಕು. ಎರಡು ನಿಮಿಷಕ್ಕೆ ಕೈ ಸೋಲುತ್ತದೆ. ಮೈಗೆ ಈ ಕೆಲಸ ಎಷ್ಟು ಒಗ್ಗುತ್ತದೆ ಅಂತ ಅಲ್ಲೇ ಸ್ವಲ್ಪ ಗೊತ್ತಾಗುತ್ತದೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಕ್ಯಾಷುವಾಲ್ಟಿಯಲ್ಲಿ ಕೆಲಸ ಮಾಡುವವರೊಬ್ಬರನ್ನು ಹಿಡಿದು ಒಂದು ಇಡೀ ನೈಟ್ ಡ್ಯೂಟಿ ಹೇಗಿರುತ್ತದೆ ಅಂತ ಕೇಳಿ. ನೀವು ನೋಡಿದ್ದು ನಿಮ್ಮ ಮಂಚದ ಹತ್ತಿರ ಬಂದ ಸಿಸ್ಟರನ್ನು ಮಾತ್ರ. ಅವರು ಅದೇ ಹೊತ್ತಿಗೆ ಇನ್ನೆಷ್ಟು ಮಂಚ ನೋಡುತ್ತಿದ್ದರು ಅಂತ ನಿಮಗೆ ಕಂಡಿರುವುದಿಲ್ಲ. ಅಪಘಾತದ ಕೇಸು ಅದರಲ್ಲಿ ಒಂದು ಭಾಗ. ಎದೆನೋವು, ಉಬ್ಬಸ, ಫಿಟ್ಸ್ ಬಂದ ಮಗು, ಹಾವು ಕಚ್ಚಿದವರು, ಬೆಳೆಗೆ ಹೊಡೆಯುವ ವಿಷ ಕುಡಿದವರು, ಸಕಲೇಶಪುರ ಆಲೂರು ಕಡೆಯಿಂದ ಆನೆ ತುಳಿದವರು, ಸುಮ್ಮನೆ ಜ್ವರ ಅಂತ ರಾತ್ರಿ ಎರಡು ಗಂಟೆಗೆ ಬರುವವರು, ಎಲ್ಲರೂ ಬರುತ್ತಾರೆ. ಗಾಡಿಯಿಂದ ಇಳಿಸಿದ ಕೂಡಲೇ ಯಾರಿಗೆ ಮೊದಲು ಅಂತ ವಿಂಗಡಿಸಬೇಕು, ಕೆಂಪು, ಹಳದಿ, ಹಸಿರು ಅಂತ. ಜೋರಾಗಿ ಕೂಗುವವರಿಗಿಂತ ಸದ್ದಿಲ್ಲದೆ ಮಲಗಿರುವವರನ್ನು ಮೊದಲು ನೋಡಬೇಕಾಗುತ್ತದೆ. ಇದನ್ನು ಕೂಗುವವರ ಅಣ್ಣತಮ್ಮಂದಿರಿಗೆ ಒಪ್ಪಿಸುವುದು ಸುಲಭ ಅಲ್ಲ. ಆಸ್ಪತ್ರೆ ಸಿಬ್ಬಂದಿ ಮೇಲೆ ಕೈ ಮಾಡಿದರೆ ಶಿಕ್ಷೆ ಕೊಡುವ ಕಾನೂನು ಕರ್ನಾಟಕದಲ್ಲಿ 2009ರಿಂದ ಇದೆ, ಆದರೂ ಬೈಗುಳ ಕೇಳಬೇಕಾಗುತ್ತದೆ.

ಇನ್ನು ಉಳಿಯದವರು. ನಿಮ್ಮನ್ನು ಉಳಿಸಿದ ಜಾಗದಲ್ಲೇ ದಿನವೂ ಎಲ್ಲರೂ ಉಳಿಯುವುದಿಲ್ಲ. ಹೊರಗೆ ಕಾಯುತ್ತಿರುವ ಅಮ್ಮನಿಗೆ ಡಾಕ್ಟರು ವಿಷಯ ಹೇಳುವಾಗ ಪಕ್ಕದಲ್ಲಿ ನಿಲ್ಲುವವರು ನೀವು. ಇದನ್ನೆಲ್ಲ ಕೇಳಿದ ಮೇಲೂ ಮಾಡಬೇಕು ಅನ್ನಿಸುತ್ತದಾ? ಹಾಗಾದರೆ ಬನ್ನಿ, ನಿಮ್ಮಂಥವರು ನಮಗೆ ಬೇಕು.

ಯಾಕೆ ಬೇಕು ಅಂತಲೂ ಹೇಳುತ್ತೇನೆ. ಸ್ಟ್ರೆಚರ್ ಮೇಲೆ ಮಲಗಿ ಟ್ಯೂಬ್‌ಲೈಟ್ ನೋಡಿದವರಿಗೆ ಕೆಲವು ವಿಷಯ ಕಲಿಸಬೇಕಾಗಿಲ್ಲ. ಪೆಟ್ಟು ಎಲ್ಲಿ ಅಂತ ನೋಡಲು ಬಟ್ಟೆ ಕತ್ತರಿಸಲೇಬೇಕು, ಆದರೆ ಕತ್ತರಿಸುವ ಮುಂಚೆ "ಅಕ್ಕ, ಬಟ್ಟೆ ಕತ್ತರಿಸುತ್ತೇನೆ, ತಕ್ಷಣ ಹೊದಿಸುತ್ತೇನೆ" ಅಂತ ಒಂದು ಮಾತು ಹೇಳಬೇಕು. ಕತ್ತಿಗೆ ಕಾಲರ್ ಹಾಕಿದ ಮೇಲೆ ಅವರಿಗೆ ಸೂರು ಬಿಟ್ಟು ಬೇರೇನೂ ಕಾಣುವುದಿಲ್ಲ, ಅದಕ್ಕೇ ಅವರ ಮುಖದ ಮೇಲೆ ಬಗ್ಗಿ ಮಾತಾಡಬೇಕು. ಜೊತೆಗೆ ಬಂದವರು ಎಲ್ಲಿ, ಹೇಗಿದ್ದಾರೆ ಅಂತ ಕೇಳಿದಾಗ ಸುಳ್ಳು ಹೇಳಬಾರದು, ಗೊತ್ತಾದ ಕೂಡಲೇ ಹೇಳುತ್ತೇನೆ ಅಂತ ಹೇಳಿ, ನಿಜವಾಗಿಯೂ ಹೋಗಿ ಕೇಳಿಕೊಂಡು ಬರಬೇಕು. ಇದು ಯಾವ ಪುಸ್ತಕ ಓದಿದರೂ ಇಷ್ಟು ಚೆನ್ನಾಗಿ ಮನಸ್ಸಿನಲ್ಲಿ ಕೂರುವುದಿಲ್ಲ. ಹಾಗಂತ ಪೆಟ್ಟು ತಿಂದಿದ್ದೇ ಅರ್ಹತೆ ಅಂತಲ್ಲ. ಓದಲೇಬೇಕು, ಮಾತ್ರೆಯ ಲೆಕ್ಕ ತಪ್ಪಬಾರದು.

ಓದುವ ದಾರಿ

ಮುಖ್ಯವಾಗಿ ಎರಡು ದಾರಿ. ಬಿಎಸ್ಸಿ ನರ್ಸಿಂಗ್ ನಾಲ್ಕು ವರ್ಷ. ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ, ಇಂಗ್ಲಿಷ್ ಇರಬೇಕು, ಸಾಮಾನ್ಯ ವರ್ಗಕ್ಕೆ ಶೇ 45 ಅಂಕ, ಪರಿಶಿಷ್ಟರಿಗೆ ಶೇ 40. 17 ವರ್ಷ ತುಂಬಿರಬೇಕು. ಸರ್ಕಾರಿ ಸೀಟು ಬೇಕಾದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುವ ಪ್ರವೇಶ ಪರೀಕ್ಷೆ ಸಿಇಟಿ ಬರೆಯಬೇಕು. ಇನ್ನೊಂದು ಜಿಎನ್‌ಎಂ (ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ), ಮೂರು ವರ್ಷದ ಡಿಪ್ಲೊಮಾ. ಇದಕ್ಕೆ ಆರ್ಟ್ಸ್, ಕಾಮರ್ಸ್ ಓದಿದವರೂ ಸೇರಬಹುದು. ಆಮೇಲೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡಿ ಡಿಗ್ರಿ ಪಡೆಯಬಹುದು. ಸೈನ್ಸ್ ಓದಿದ್ದು ಸಿಇಟಿಯಲ್ಲಿ ಪರವಾಗಿಲ್ಲ ಅನ್ನುವ ರ‍್ಯಾಂಕ್ ಬಂದರೆ ನೇರವಾಗಿ ಬಿಎಸ್ಸಿಗೇ ಹೋಗಿ, ಮುಂದೆ ಬಾಗಿಲುಗಳು ಜಾಸ್ತಿ. ಓದು ಮುಗಿದ ಮೇಲೆ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಣಿ ಮಾಡಿಸದೆ ಕೆಲಸ ಮಾಡುವ ಹಾಗಿಲ್ಲ.

ಕಾಲೇಜು ಆರಿಸುವಾಗ ಕಟ್ಟಡ ನೋಡಬೇಡಿ, ಆಸ್ಪತ್ರೆ ನೋಡಿ. ವಿದ್ಯಾರ್ಥಿಗಳನ್ನು ಕ್ಲಿನಿಕಲ್ ಪೋಸ್ಟಿಂಗ್‌ಗೆ ಎಲ್ಲಿಗೆ ಕಳಿಸುತ್ತಾರೆ, ಅಲ್ಲಿ ಕ್ಯಾಷುವಾಲ್ಟಿ ಎಷ್ಟು ಓಡುತ್ತದೆ ಅಂತ ಈಗ ಓದುತ್ತಿರುವ ಹುಡುಗಿಯರನ್ನು ಕೇಳಿ. ಹಾಸನದಲ್ಲಿ ಹಿಮ್ಸ್‌ಗೆ ಸೇರಿದ ಜಿಲ್ಲಾ ಆಸ್ಪತ್ರೆ, ಚಿಕ್ಕಮಗಳೂರಿನಲ್ಲಿ ಮಲ್ಲೇಗೌಡ ಜಿಲ್ಲಾ ಆಸ್ಪತ್ರೆ, ಇಂಥ ಕಡೆ ನಿಂತು ಕಲಿತವರ ಕೈಗೆ ಬೇಗ ಧೈರ್ಯ ಬರುತ್ತದೆ. ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಚನ್ನರಾಯಪಟ್ಟಣದಿಂದ ಶಿರಾಡಿ ಘಾಟಿಯವರೆಗೆ ಪೆಟ್ಟಾದವರಲ್ಲಿ ಬಹಳ ಜನ ಬರುವುದು ಹಾಸನಕ್ಕೇ. ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಮಾನ್ಯತೆ ಇದೆಯಾ, ಶುಶ್ರೂಷಾ ಪರಿಷತ್ತಿನ ಪಟ್ಟಿಯಲ್ಲಿ ಹೆಸರಿದೆಯಾ ಅಂತ ನೀವೇ ನೋಡಿ. ಏಜೆಂಟ್ ಕೈಗೆ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೊಡಬೇಡಿ.

ಕಾಲಿನಲ್ಲಿ ರಾಡ್ ಇದ್ದರೆ? ಅದರಿಂದಲೇ ಯಾರೂ ಬೇಡ ಅನ್ನುವುದಿಲ್ಲ. ಪ್ರವೇಶಕ್ಕೆ ವೈದ್ಯಕೀಯ ಫಿಟ್‌ನೆಸ್ ಬೇಕು. ನನ್ನ ಕಾಲಿನಲ್ಲೂ ಇನ್ನೂ ರಾಡ್ ಇದೆ. ಪೆಟ್ಟಿನಿಂದ ಕಾಲಿಗೆ ಶಾಶ್ವತ ಊನ ಉಳಿದು, ಅದು ಶೇ 40ರಿಂದ 50ರಷ್ಟು ಇದ್ದರೆ ಭಾರತೀಯ ಶುಶ್ರೂಷಾ ಪರಿಷತ್ತಿನ ನಿಯಮದಲ್ಲಿ ಬಿಎಸ್ಸಿಗೆ ಮೀಸಲಾತಿಯೂ ಇದೆ, ಅಂಗವಿಕಲರ ಗುರುತಿನ ಚೀಟಿ, ಯುಡಿಐಡಿ ಕಾರ್ಡ್, ಮೊದಲೇ ಮಾಡಿಸಿಕೊಳ್ಳಿ. ಆದರೆ ನಿಮಗೆ ನೀವೇ ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ. ಆರೆಂಟು ಗಂಟೆ ನಿಂತು, ನಡೆದು, ಮಂಡಿ ಊರಿ, ನಾಲ್ಕು ಜನ ಸೇರಿ ಗಾಯಾಳುವನ್ನು ಒಂದೇ ಸಲಕ್ಕೆ ಹೊರಳಿಸುವಾಗ ಭಾರ ಹಿಡಿಯಲು ಆಗುತ್ತದಾ? ಕಾಲೇಜು ಶುರುವಾಗುವ ಮುಂಚಿನ ತಿಂಗಳುಗಳಲ್ಲಿ ನಡಿಗೆ ಹೆಚ್ಚಿಸುತ್ತಾ ಬನ್ನಿ. ಬೆನ್ನಿಗೋ ಸೊಂಟಕ್ಕೋ ದೊಡ್ಡ ಪೆಟ್ಟಾಗಿದ್ದರೆ ಫಿಸಿಯೋದವರನ್ನೇ ನೇರವಾಗಿ ಕೇಳಿ. ಕ್ಯಾಷುವಾಲ್ಟಿ ಆಗದಿದ್ದರೆ ಡಯಾಲಿಸಿಸ್, ಮಕ್ಕಳ ವಾರ್ಡು, ಪಾಠ ಹೇಳುವುದು, ಬೇರೆ ಕೆಲಸಗಳೂ ಅದೇ ಓದಿನಲ್ಲಿ ಇವೆ.

ಮನೆಯವರು ಎರಡು ಮಾತು ಹೇಳುತ್ತಾರೆ. ಹುಡುಗ ಆಗಿದ್ದರೆ "ಗಂಡುಮಕ್ಕಳು ನರ್ಸಿಂಗ್ ಓದುವುದಾ", ಹುಡುಗಿ ಆಗಿದ್ದರೆ "ನೈಟ್ ಡ್ಯೂಟಿ ಮಾಡುವವಳಿಗೆ ಸಂಬಂಧ ಬರುತ್ತದಾ". ವಾದ ಮಾಡುವುದಕ್ಕಿಂತ ಕೆಲಸದಲ್ಲಿರುವ ಒಬ್ಬ ಬ್ರದರನ್ನೋ (ಗಂಡು ನರ್ಸ್), ಮದುವೆಯಾಗಿ ಮಕ್ಕಳಿರುವ ಒಬ್ಬ ಸಿಸ್ಟರನ್ನೋ ಮನೆಗೆ ಕರೆಸಿ ಅಪ್ಪನ ಜೊತೆ ಮಾತಾಡಿಸಿ. ನಮ್ಮ ಮನೆಯಲ್ಲಿ ಒಪ್ಪಿಗೆ ಸಿಕ್ಕಿದ್ದು ಹಾಗೆಯೇ.

ಕೆಲಸಕ್ಕೆ ಸೇರಿದ ಮೇಲೆ

ಮೊದಲ ದಿನವೇ ಕ್ಯಾಷುವಾಲ್ಟಿ ಕೇಳಬೇಡಿ. ಒಂದು ವರ್ಷ ವಾರ್ಡಿನಲ್ಲೋ ಐಸಿಯುನಲ್ಲೋ ಇದ್ದರೆ ಕ್ಯಾನುಲಾ (ಡ್ರಿಪ್ ಕೊಡಲು ರಕ್ತನಾಳಕ್ಕೆ ಹಾಕುವ ಸಣ್ಣ ಕೊಳವೆ) ಹಾಕುವ ಕೈ ಪಳಗುತ್ತದೆ, ಔಷಧದ ಹೆಸರು ನಾಲಿಗೆಗೆ ಬರುತ್ತದೆ. ತುರ್ತಿನಲ್ಲಿ ಜೀವ ಉಳಿಸುವ ತರಬೇತಿಗಳಾದ ಬಿಎಲ್‌ಎಸ್, ಎಸಿಎಲ್‌ಎಸ್ ಸರ್ಟಿಫಿಕೇಟ್ ಮಾಡಿಕೊಳ್ಳಿ. ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್ ಮುಗಿದಿರಲಿ. ಸೂಜಿ ಚುಚ್ಚಿಕೊಂಡರೆ ಒತ್ತಿ ರಕ್ತ ತೆಗೆಯಬೇಡಿ, ಸೋಪು ನೀರಿನಲ್ಲಿ ತೊಳೆದು ಕೂಡಲೇ ವರದಿ ಮಾಡಿ. ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ ಆದಷ್ಟು ಬೇಗ, 72 ಗಂಟೆಯೊಳಗೆ ಶುರುವಾಗಬೇಕು.

ಒಂದು ದಿನ ನಿಮ್ಮದೇ ಥರದ ಕೇಸು ಬರುತ್ತದೆ. ಅದೇ ವಯಸ್ಸು, ಅದೇ ಕಾಲು, ಕೆಲವೊಮ್ಮೆ ಅದೇ ರಸ್ತೆ. ಅದಕ್ಕೆ ಮೊದಲೇ ತಯಾರಿ ಬೇಕು. ಸೇರಿದ ಮೊದಲ ವಾರದಲ್ಲೇ ಇನ್‌ಚಾರ್ಜ್ ಸಿಸ್ಟರಿಗೆ ನಿಮ್ಮ ವಿಷಯ ಹೇಳಿಡಿ. ಕೈ ನಡುಗಿದರೆ ಎರಡೂ ಪಾದ ನೆಲಕ್ಕೆ ಒತ್ತಿ, ಉಸಿರು ನಿಧಾನವಾಗಿ ಬಿಟ್ಟು, ಮುಂದಿನ ಕೆಲಸದ ಹೆಸರನ್ನು ಬಾಯಲ್ಲೇ ಹೇಳಿ. ಉಸಿರಿನ ದಾರಿ ತೆರೆದಿದೆಯಾ, ಉಸಿರಾಟ ಇದೆಯಾ, ರಕ್ತ ಎಲ್ಲಿ ಸೋರುತ್ತಿದೆ, ಪ್ರಜ್ಞೆ ಹೇಗಿದೆ, ಮೈ ಬೆಚ್ಚಗಿದೆಯಾ. ಈ ಕ್ರಮ ಇರುವುದು ರೋಗಿಗಾಗಿ, ಆದರೆ ಅದು ನರ್ಸನ್ನೂ ಹಿಡಿದು ನಿಲ್ಲಿಸುತ್ತದೆ. ಆಗಲೇ ಇಲ್ಲ ಅಂದರೆ "ನಾನು ಬೇರೆ ಬೆಡ್ ನೋಡುತ್ತೇನೆ, ನೀವು ಇಲ್ಲಿ ಬನ್ನಿ" ಅಂತ ಜೊತೆಯವರಿಗೆ ಹೇಳಿ. ಹಾಗೆ ಹೇಳಲು ಬರುವವರ ಜೊತೆ ಕೆಲಸ ಮಾಡುವುದು ನಮಗೂ ನೆಮ್ಮದಿ. ಡ್ಯೂಟಿ ಮುಗಿದ ಮೇಲೆ ಆ ಕೇಸಿನ ಬಗ್ಗೆ ಯಾರ ಹತ್ತಿರವಾದರೂ ಮಾತಾಡಿ, ಹಳೆಯ ಕನಸು ಮತ್ತೆ ಶುರುವಾದರೆ ಮತ್ತೆ ಕೌನ್ಸೆಲರ್ ಹತ್ತಿರ ಹೋಗಿ. ನಾನು ಹೋಗಿದ್ದೇನೆ.

ಒಂದು ವರ್ಷದ ಅನುಭವ ಆದ ಮೇಲೆ ಮುಂದಿನ ಓದು ನೋಡಬಹುದು. ಎಮರ್ಜೆನ್ಸಿ ಮತ್ತು ಡಿಸಾಸ್ಟರ್ ನರ್ಸಿಂಗ್ ಅಂತ ಒಂದು ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾ ಇದೆ. ಬಿಎಸ್ಸಿ ಆದವರಿಗೆ ಕ್ರಿಟಿಕಲ್ ಕೇರ್ ನರ್ಸ್ ಪ್ರಾಕ್ಟೀಷನರ್ ಅಂತ ಎರಡು ವರ್ಷದ ಸ್ನಾತಕೋತ್ತರ ಕೋರ್ಸ್ ಇದೆ. 108 ಆಂಬ್ಯುಲೆನ್ಸ್‌ನಲ್ಲಿ ಕೆಲಸ ಮಾಡುವವರಲ್ಲೂ ನರ್ಸಿಂಗ್ ಓದಿದವರಿದ್ದಾರೆ, ರಸ್ತೆಯಲ್ಲೇ ಕೆಲಸ ಮಾಡುವ ಧೈರ್ಯ ಇದ್ದರೆ ಅದೂ ಒಂದು ದಾರಿ. ಏಮ್ಸ್ ಆಸ್ಪತ್ರೆಗಳ ನರ್ಸಿಂಗ್ ಆಫೀಸರ್ ಹುದ್ದೆಗೆ ನಾರ್ಸೆಟ್ ಪರೀಕ್ಷೆ ನಡೆಯುತ್ತದೆ. ಅದಕ್ಕೆ ಬಿಎಸ್ಸಿ ಆದವರು ನೇರವಾಗಿ ಬರೆಯಬಹುದು, ಜಿಎನ್‌ಎಂ ಆದವರಿಗೆ 50 ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷದ ಅನುಭವ ಬೇಕು. ಹಾಗಾಗಿ ಮೊದಲ ಕೆಲಸ ಸೇರುವಾಗಲೇ ಆಸ್ಪತ್ರೆಗೆ ಎಷ್ಟು ಹಾಸಿಗೆ ಇದೆ ಅಂತ ಕೇಳಿ, ಅನುಭವದ ಪತ್ರ ಲೆಟರ್‌ಹೆಡ್‌ನಲ್ಲಿ ಕೊಡುತ್ತಾರಾ ಅಂತಲೂ ಕೇಳಿಕೊಳ್ಳಿ.